ಕೋರ್ಟಿನಲ್ಲಿ ವಿಕಲಚೇತನರಿಗೆ ಬೇಕಾದ ಅನುಕೂಲ ಕೇಳಿ ಪಡೆಯುವುದು ಹೇಗೆ?

ನಿಮ್ಮ ಹೆಸರಿಗೆ ಸಮನ್ಸ್ ಬಂದಿದೆ. ಅಥವಾ ನೀವೇ ಪಾಲಿನ ದಾವೆ ಹಾಕಿದ್ದೀರಿ. ಗಾಲಿಕುರ್ಚಿ ಬಿಟ್ಟು ಓಡಾಡಲು ಆಗಲ್ಲ, ಇಲ್ಲವೇ ಕಣ್ಣು ಕಾಣಲ್ಲ, ಕಿವಿ ಕೇಳಲ್ಲ, ಅಥವಾ ಸ್ಟ್ರೋಕ್ ಹೊಡೆದ ಮೇಲೆ ಮಾತು ತೊದಲುತ್ತದೆ. ಹೋಗಬೇಕಾದ ಕೋರ್ಟ್ ಹಾಲ್ ನೋಡಿದರೆ ಮೇಲಿನ ಮಹಡಿಯಲ್ಲಿದೆ. ಇಂಥ ಹೊತ್ತಲ್ಲಿ ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಜನ ಮಾಡುವುದು ಎರಡೇ. ಒಂದು, ನಾಲ್ಕು ಜನ ಸೇರಿ ಕುರ್ಚಿ ಸಮೇತ ಹೊತ್ತುಕೊಂಡು ಮೇಲೆ ಹೋಗುವುದು. ಇನ್ನೊಂದು, "ಅವರಿಗೆ ಆಗಲ್ಲ ಬಿಡಿ, ವಕೀಲರು ನೋಡ್ಕೋತಾರೆ" ಅಂತ ಮನೆಯಲ್ಲೇ ಬಿಟ್ಟು ಬರುವುದು. ಎರಡನೆಯದು ನಿಜಕ್ಕೂ ಅಪಾಯ. ಸಿವಿಲ್ ಕೇಸಾದರೆ ನಿಮ್ಮ ಮಾತು ಕೇಳದೆಯೇ ತೀರ್ಪಾಗಬಹುದು, ಕ್ರಿಮಿನಲ್ ಕೇಸಾದರೆ ವಾರೆಂಟ್ ಮನೆಗೆ ಬರಬಹುದು.

ಇನ್ನೊಂದು ದಾರಿ ಇದೆ. ನಿಮಗೆ ಬೇಕಾದ ಅನುಕೂಲವನ್ನು ಅರ್ಜಿ ಬರೆದು ಕೋರ್ಟನ್ನೇ ಕೇಳುವುದು. ಇದು ದಯೆ ಬೇಡುವುದಲ್ಲ, ಕಾನೂನಿನಲ್ಲೇ ಇರುವ ಹಕ್ಕು. ಆದರೆ ಕೋರ್ಟು ತಾನಾಗಿ ಊಹಿಸಿಕೊಂಡು ಏನೂ ಮಾಡಲ್ಲ. ನೀವು ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು, ಮುಂಚೆಯೇ ಕೇಳಬೇಕು, ಕೊಟ್ಟಿದ್ದನ್ನು ಆರ್ಡರ್ ಶೀಟಿನಲ್ಲಿ (ಪ್ರತಿ ವಿಚಾರಣೆಯಲ್ಲಿ ಏನಾಯಿತು ಅಂತ ಕೋರ್ಟು ಬರೆದಿಡುವ ಹಾಳೆ) ಬರೆಸಿಕೊಳ್ಳಬೇಕು. ಬಾಯಲ್ಲಿ ಹೇಳಿದ್ದು ಮುಂದಿನ ವಾಯಿದೆ (ವಿಚಾರಣೆಯ ದಿನ) ಹೊತ್ತಿಗೆ ಯಾರ ನೆನಪಿನಲ್ಲೂ ಇರಲ್ಲ.

ಕಾನೂನು ಏನು ಹೇಳುತ್ತದೆ (ಇಷ್ಟು ಗೊತ್ತಿದ್ದರೆ ಸಾಕು)

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016. ಅದರ 12ನೇ ಕಲಂ ನೆನಪಿಟ್ಟುಕೊಳ್ಳಿ. ವಿಕಲಚೇತನರು ಯಾವುದೇ ಕೋರ್ಟು, ನ್ಯಾಯಮಂಡಳಿ, ಆಯೋಗ, ತನಿಖೆ ಮಾಡುವ ಅಧಿಕಾರಿ ಇವರ ಮುಂದೆ ಭೇದಭಾವ ಇಲ್ಲದೆ ಹೋಗಿ ಬರುವಂತೆ ಸರ್ಕಾರ ನೋಡಿಕೊಳ್ಳಬೇಕು ಅಂತ ಅದರಲ್ಲಿದೆ. ಅವರಿಗೆ ಇಷ್ಟವಾದ ಭಾಷೆಯಲ್ಲಿ, ಅವರಿಗೆ ಆಗುವ ರೀತಿಯಲ್ಲಿ ಸಾಕ್ಷ್ಯ ದಾಖಲಿಸಲು ಬೇಕಾದ ಸಲಕರಣೆ ಕೊಡಬೇಕು ಅಂತಲೂ ಇದೆ. ಅಂದರೆ ಇದು ಜಿಲ್ಲಾ ಕೋರ್ಟಿಗೆ ಮಾತ್ರ ಸಂಬಂಧಿಸಿದ್ದಲ್ಲ. ತಹಶೀಲ್ದಾರ್ ಮುಂದಿನ ಜಮೀನು ತಕರಾರು, ಹಾಸನ, ಸಕಲೇಶಪುರ, ತರೀಕೆರೆಯ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟು, ಗ್ರಾಹಕರ ಆಯೋಗ, ಅಪಘಾತ ಪರಿಹಾರದ ಕೇಸು, ಎಲ್ಲಕ್ಕೂ ಅನ್ವಯ.

"ನನ್ನ ಸರ್ಟಿಫಿಕೇಟಿನಲ್ಲಿ 40 ಪರ್ಸೆಂಟ್ ಇಲ್ಲವಲ್ಲ, ಕೇಳಬಹುದಾ?" ಅಂತ ತುಂಬಾ ಜನಕ್ಕೆ ಅನುಮಾನ. ಕೇಳಬಹುದು. ಪಿಂಚಣಿ, ಮೀಸಲಾತಿ ಇಂಥದ್ದಕ್ಕೆ 40ರ ಗೆರೆ ಇದೆ. ಅನುಕೂಲ ಕೇಳಲು ಆ ಗೆರೆ ಇಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ಸಮಸ್ಯೆ ಇದ್ದ ಒಬ್ಬ ಅಭ್ಯರ್ಥಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಕೊಡದೆ ಇದ್ದಾಗ, ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಯಾರಾದರೂ ಪರ್ಸೆಂಟ್ ಮಾತೆತ್ತಿದರೆ ಈ ಕೇಸಿನ ಹೆಸರು ಹೇಳಿ.

ಮೊದಲ ಕೆಲಸ: ಏನು ಬೇಕು ಅಂತ ಪಟ್ಟಿ ಮಾಡಿ

ಜಾಸ್ತಿ ಜನ ಎಡವುವುದು ಇಲ್ಲೇ. ಅರ್ಜಿಯಲ್ಲಿ ಕಾಯಿಲೆಯ ಪುರಾಣ ಎರಡು ಪುಟ ಇರುತ್ತದೆ, ಕೊನೆಗೆ "ದಯವಿಟ್ಟು ಅನುಕೂಲ ಮಾಡಿಕೊಡಬೇಕು" ಅಂತ ಒಂದು ಸಾಲು. ಯಾವ ಅನುಕೂಲ? ನ್ಯಾಯಾಧೀಶರು ಅದನ್ನು ಊಹಿಸುತ್ತಾ ಕೂರಲು ಆಗಲ್ಲ, ಅವರ ಮುಂದೆ ಆ ದಿನ ಇನ್ನೂ ಎಷ್ಟೋ ಕೇಸು ಇರುತ್ತವೆ. ಹಾಗಾಗಿ ಕಾಯಿಲೆ ಬಗ್ಗೆ ಎರಡು ಸಾಲು, ಬೇಕಾದ್ದರ ಬಗ್ಗೆ ಹತ್ತು ಸಾಲು ಇರಲಿ.

ಪಟ್ಟಿ ಮಾಡಲು ಸುಲಭದ ದಾರಿ ಎಂದರೆ ವಾಯಿದೆ ದಿನ ಮನೆ ಬಿಡುವುದರಿಂದ ಹಿಡಿದು ವಾಪಸ್ ಬರುವವರೆಗೆ ಒಂದೊಂದೇ ಹೆಜ್ಜೆ ಯೋಚಿಸುವುದು. ಕಳಸದ ಕಡೆಯಿಂದಲೋ ಹೆತ್ತೂರಿನ ಕಡೆಯಿಂದಲೋ ಮಳೆಗಾಲದಲ್ಲಿ ಬಸ್ ಹಿಡಿದು ಬರುವವರು ಬೆಳಗ್ಗೆ ಕೋರ್ಟ್ ಕೂರುವ ಹೊತ್ತಿಗೆ ತಲುಪುವುದೇ ಕಷ್ಟ. ಅಂಥವರು ತಮ್ಮ ಕೇಸನ್ನು ಮಧ್ಯಾಹ್ನ ತೆಗೆದುಕೊಳ್ಳಿ ಅಂತ ಕೇಳಬಹುದು. ಡಯಾಲಿಸಿಸ್ ಮಾಡಿಸುವವರು ಇಂಥಿಂಥ ವಾರ ಬೇಡ, ಉಳಿದ ದಿನ ವಾಯಿದೆ ಕೊಡಿ ಅನ್ನಬಹುದು. ಆಟೊ ಅಥವಾ ಕಾರು ಬಾಗಿಲವರೆಗೆ ಬರಲು ಅನುಮತಿ ಬೇಕಾ? ಮೆಟ್ಟಿಲು ಎಷ್ಟಿವೆ, ರ‍್ಯಾಂಪ್ ಇದೆಯಾ, ಇದ್ದರೂ ಅದರ ತುದಿಯಲ್ಲಿ ಬೈಕು ನಿಲ್ಲಿಸಿದ್ದಾರಾ? ಹಾಲ್ ಮೇಲಿದ್ದರೆ, ಆ ಒಂದು ದಿನ ನಿಮ್ಮ ಸಾಕ್ಷ್ಯವನ್ನು ಕೆಳಗಿನ ಹಾಲಿನಲ್ಲಿ ತೆಗೆದುಕೊಳ್ಳಿ ಅಂತ ಕೇಳಬಹುದು. ಶೌಚಾಲಯ ಎಲ್ಲಿದೆ, ಗಾಲಿಕುರ್ಚಿ ಅದರ ಬಾಗಿಲಲ್ಲಿ ತೂರುತ್ತದಾ? ನಾಚಿಕೆಪಟ್ಟು ಇದನ್ನು ಯಾರೂ ಬರೆಯಲ್ಲ, ಆದರೆ ಬೆಳಗ್ಗೆಯಿಂದ ನೀರು ಕುಡಿಯದೆ ಕೂರುವವರನ್ನು ನೋಡಿದರೆ ಇದೇ ಮೊದಲು ಬರೆಯಬೇಕಾದ್ದು ಅನ್ನಿಸುತ್ತದೆ.

ಒಳಗೆ ಹೋದ ಮೇಲೆ ಇನ್ನೊಂದು ಪಟ್ಟಿ. ಕಟಕಟೆಯಲ್ಲಿ ನಿಲ್ಲಲು ಆಗದಿದ್ದರೆ ಕೂತು ಹೇಳಲು ಅನುಮತಿ. ನಿಮ್ಮ ಧ್ವನಿ ಸಣ್ಣದಾಗಿದ್ದರೆ ಮೈಕು, ಇಲ್ಲವೇ ನ್ಯಾಯಾಧೀಶರ ಹತ್ತಿರ ಕೂರುವ ಅವಕಾಶ. ಬೇಗ ಸುಸ್ತಾಗುವುದಿದ್ದರೆ ಅರ್ಧ ಗಂಟೆಗೊಮ್ಮೆ ವಿರಾಮ. ಮನೆಯವರೊಬ್ಬರು ಪಕ್ಕದಲ್ಲಿರಲು ಅನುಮತಿ. ಕಿವಿ ಕೇಳದವರಿಗೆ ಒಂದು ಮುಖ್ಯ ಮಾತು: ದಫೇದಾರರು ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾರಲ್ವಾ, ಅದು ನಿಮಗೆ ಕೇಳಿಸಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದೇ "ಗೈರುಹಾಜರು" ಅಂತ ದಾಖಲಾಗಿಬಿಡಬಹುದು. "ನನ್ನ ಕೇಸು ಬಂದಾಗ ಕೂಗಿದರೆ ಸಾಲದು, ಸಿಬ್ಬಂದಿ ಬಂದು ಮುಟ್ಟಿ ಕರೆಯಬೇಕು ಅಥವಾ ಹಾಲ್ ಒಳಗೆ ಮುಂದಿನ ಸಾಲಿನಲ್ಲಿ ಕೂರಲು ಬಿಡಬೇಕು" ಅಂತ ಬರೆಯಿರಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಸಾಧ್ಯವಾದರೆ ವಾಯಿದೆಗೆ ಮುಂಚೆ ಯಾರನ್ನಾದರೂ ಕಳಿಸಿ ಕಟ್ಟಡ ನೋಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳಿ. ಕೋರ್ಟ್ ಹಾಲ್ ಒಳಗೆ ಮಾತ್ರ ಬೇಡ. ಮೆಟ್ಟಿಲು, ಬಾಗಿಲು, ಶೌಚಾಲಯದ ದಾರಿ ಸಾಕು.

ಕಾಗದ ಪತ್ರ

ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇದ್ದರೆ ಅದರ ನಕಲು ಹಾಕಿ. ಇಲ್ಲದಿದ್ದರೆ ಸ್ವಾವಲಂಬನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ. ವಿಕಲಚೇತನರ ನೆರವಿಗೆಂದೇ ಪುನರ್ವಸತಿ ಕಾರ್ಯಕರ್ತರಿದ್ದಾರೆ: ಊರಿನಲ್ಲಿ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಇರುತ್ತಾರೆ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಇರುತ್ತಾರೆ. ಈ ಕೆಲಸಕ್ಕೆ ಅವರನ್ನು ಬಳಸಿಕೊಳ್ಳಿ, ಅದಕ್ಕೇ ಅವರಿರುವುದು. ಕಾರ್ಡ್ ಬರುವವರೆಗೆ ಕಾಯುತ್ತಾ ಕೂರಬೇಡಿ. ಅರ್ಜಿ ಹಾಕಿದ ಸ್ವೀಕೃತಿ ಮತ್ತು ವೈದ್ಯರ ಪತ್ರ ಲಗತ್ತಿಸಿ ಕೋರ್ಟಿಗೆ ಕೊಟ್ಟುಬಿಡಿ.

ವೈದ್ಯರ ಪತ್ರದ ವಿಷಯದಲ್ಲಿ ಒಂದು ಮಾತು. ಬರೀ ಕಾಯಿಲೆಯ ಹೆಸರು, ಬೆಡ್ ರೆಸ್ಟ್ ಅಂತ ಬರೆದ ಚೀಟಿ ನ್ಯಾಯಾಧೀಶರಿಗೆ ಸಾಮಾನ್ಯವಾಗಿ ವಾಯಿದೆ ತಪ್ಪಿಸಿಕೊಳ್ಳುವ ನೆಪದಂತೆ ಕಾಣುತ್ತದೆ. ಅವರು ಅಂಥ ಚೀಟಿ ದಿನಾ ನೋಡುತ್ತಾರೆ. ನಿಮ್ಮ ವೈದ್ಯರನ್ನು, ಅದು ತಾಲ್ಲೂಕು ಆಸ್ಪತ್ರೆಯಾಗಲಿ ಹಾಸನದ ಹಿಮ್ಸ್ ಆಗಲಿ, ಹೀಗೆ ಬರೆದುಕೊಡಲು ಕೇಳಿ: "ಇವರು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾರರು, ಮೆಟ್ಟಿಲು ಹತ್ತಲಾರರು, ಆದರೆ ಕೂತು ಮಾತಾಡಬಲ್ಲರು, ಪ್ರಶ್ನೆ ಅರ್ಥ ಮಾಡಿಕೊಂಡು ಉತ್ತರ ಕೊಡಬಲ್ಲರು." ಏನು ಆಗಲ್ಲ ಎನ್ನುವಷ್ಟೇ ಏನು ಆಗುತ್ತದೆ ಎನ್ನುವುದೂ ಅದರಲ್ಲಿರಬೇಕು. ಇಲ್ಲದಿದ್ದರೆ ಎದುರಿನ ವಕೀಲರು ಅದೇ ಪತ್ರ ಹಿಡಿದು "ಇವರಿಗೆ ಸಾಕ್ಷಿ ಹೇಳುವ ಶಕ್ತಿಯೇ ಇಲ್ಲ ಸ್ವಾಮಿ" ಅನ್ನುತ್ತಾರೆ.

ವಕೀಲರಿಲ್ಲವಾ? ಉಚಿತವಾಗಿ ಸಿಗುತ್ತಾರೆ

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಕಲಂ ಪ್ರಕಾರ ವಿಕಲಚೇತನರು ಉಚಿತ ಕಾನೂನು ನೆರವಿಗೆ ಅರ್ಹರು. ಇಲ್ಲಿ ಆದಾಯದ ಮಿತಿ ಇಲ್ಲ. ಬಿಪಿಎಲ್ ಕಾರ್ಡ್ ತೋರಿಸಿ ಅಂದರೆ, ಇದು ಆ ಗುಂಪಲ್ಲ ಅಂತ ಹೇಳಿ. ಹೆಂಗಸರಿಗೂ, ಮಕ್ಕಳಿಗೂ, ಪರಿಶಿಷ್ಟ ಜಾತಿ, ಪಂಗಡದವರಿಗೂ ಹೀಗೆಯೇ. ವಕೀಲರ ಫೀಸಷ್ಟೇ ಅಲ್ಲ, ಕೋರ್ಟ್ ಫೀ, ಸಮನ್ಸ್ ಖರ್ಚು ಕೂಡ ನೆರವಿನೊಳಗೆ ಬರುತ್ತದೆ.

ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲ್ಲೂಕು ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿ ಇದೆ. ಕಾನೂನು ನೆರವಿನ ಸಹಾಯವಾಣಿ 15100 ಗೆ ಫೋನ್ ಮಾಡಿದರೂ ಆಗುತ್ತದೆ. ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರು ಸ್ವತಃ ನ್ಯಾಯಾಧೀಶರು. ಹಾಗಾಗಿ ವಕೀಲರು ಬೇಡ, ಸ್ವಂತ ವಕೀಲರಿದ್ದಾರೆ ಅನ್ನುವವರೂ ಅವರಿಗೊಂದು ಪತ್ರ ಕೊಟ್ಟಿರುವುದು ಒಳ್ಳೆಯದು. ಸನ್ನೆ ಭಾಷೆ ಬಲ್ಲವರನ್ನು ಹುಡುಕುವುದು, ಗಾಲಿಕುರ್ಚಿ ಹೊಂದಿಸುವುದು ಇಂಥದ್ದಕ್ಕೆ ಆ ಕಚೇರಿಯಿಂದ ಒಂದು ಫೋನ್ ಹೋದರೆ ಕೆಲಸ ಬೇಗ ಆಗುತ್ತದೆ.

ಅರ್ಜಿ ಬರೆಯುವುದು

ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕನ್ನಡದಲ್ಲೇ ಕೊಡಬಹುದು. ಧೈರ್ಯವಾಗಿ ಕನ್ನಡದಲ್ಲಿ ಬರೆಯಿರಿ. ಒಂದು ಮಾದರಿ:

"ಮಾನ್ಯ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ, ……
ಓ.ಎಸ್. ಸಂಖ್ಯೆ: ……
ವಾದಿ: …… ಪ್ರತಿವಾದಿ: ……

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಕಲಂ 12 ಹಾಗೂ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 151ರ ಅಡಿಯಲ್ಲಿ ವಾದಿಯ ಅರ್ಜಿ

ನಾನು ಈ ದಾವೆಯ ವಾದಿ. ನನ್ನ ಎರಡೂ ಕಾಲುಗಳಿಗೆ ಶಕ್ತಿ ಇಲ್ಲ, ಗಾಲಿಕುರ್ಚಿ ಬಳಸುತ್ತೇನೆ. ಯುಡಿಐಡಿ ಕಾರ್ಡಿನ ನಕಲು ಮತ್ತು ವೈದ್ಯರ ಪತ್ರ ಲಗತ್ತಿಸಿದ್ದೇನೆ. ದಿನಾಂಕ …… ರಂದು ನನ್ನ ಪಾಟೀಸವಾಲು ಇದೆ. ನ್ಯಾಯಾಲಯದ ಹಾಲ್ ಮೊದಲ ಮಹಡಿಯಲ್ಲಿದ್ದು, ಗಾಲಿಕುರ್ಚಿಯಲ್ಲಿ ಅಲ್ಲಿಗೆ ಬರಲು ದಾರಿ ಇಲ್ಲ.

ಆದ್ದರಿಂದ ಕೋರಿಕೆ:
ಅ) ಆ ದಿನ ನನ್ನ ಸಾಕ್ಷ್ಯವನ್ನು ನೆಲಮಹಡಿಯ ಹಾಲಿನಲ್ಲಿ ದಾಖಲಿಸಬೇಕು. ಅದು ಆಗದಿದ್ದರೆ ನ್ಯಾಯಾಲಯದ ಆವರಣದಿಂದಲೇ ವಿಡಿಯೊ ಕಾನ್ಫರೆನ್ಸ್ ಮೂಲಕ ದಾಖಲಿಸಬೇಕು.
ಆ) ನನ್ನ ಪ್ರಕರಣವನ್ನು ಮಧ್ಯಾಹ್ನದ ಮೊದಲ ಪ್ರಕರಣವಾಗಿ ತೆಗೆದುಕೊಳ್ಳಬೇಕು.
ಇ) ಸಾಕ್ಷ್ಯದ ನಡುವೆ ಗಂಟೆಗೊಮ್ಮೆ ಹತ್ತು ನಿಮಿಷ ವಿರಾಮ ಕೊಡಬೇಕು.
ಈ) ನನ್ನ ಸಹಾಯಕರೊಬ್ಬರು ಜೊತೆಯಲ್ಲಿರಲು ಅನುಮತಿ ಕೊಡಬೇಕು. ಅವರು ಸಾಕ್ಷ್ಯದಲ್ಲಿ ತಲೆ ಹಾಕುವುದಿಲ್ಲ.
ಉ) ಈ ಅನುಕೂಲಗಳು ಈ ದಾವೆ ಮುಗಿಯುವವರೆಗೆ ಮುಂದುವರಿಯಬೇಕು."

ಎರಡು ಜಾಣತನ ಗಮನಿಸಿ. "ಅದು ಆಗದಿದ್ದರೆ ಇದು" ಅಂತ ಎರಡನೇ ದಾರಿ ಕೊಟ್ಟಿದೆ. ಒಂದನ್ನೇ ಪಟ್ಟು ಹಿಡಿದು ಕೇಳಿದರೆ ಇಲ್ಲ ಅನ್ನುವುದು ಸುಲಭ. ಕೊನೆಯ ಸಾಲು ಪ್ರತಿ ವಾಯಿದೆಗೂ ಹೊಸ ಅರ್ಜಿ ಹಾಕುವ ತಾಪತ್ರಯ ತಪ್ಪಿಸುತ್ತದೆ. ಸಿವಿಲ್ ಕೇಸಿನಲ್ಲಿ ಇದರ ಜೊತೆ ಒಂದು ಅಫಿಡವಿಟ್ ಬೇಕಾಗುತ್ತದೆ, ವಕೀಲರು ಮಾಡಿಸುತ್ತಾರೆ.

ಕ್ರಿಮಿನಲ್ ಕೇಸಿನಲ್ಲಿ ನೀವೇ ಆರೋಪಿಯಾಗಿದ್ದರೆ, ಪ್ರತಿ ವಾಯಿದೆಗೂ ಖುದ್ದಾಗಿ ಬರುವುದರಿಂದ ವಿನಾಯಿತಿ ಕೇಳಬಹುದು. ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 228 ಮತ್ತು 355ನೇ ಕಲಂಗಳು ಅದಕ್ಕಿವೆ. ಹಳೆಯ ಸಿಆರ್‌ಪಿಸಿಯಲ್ಲಿ ಇವೇ 205 ಮತ್ತು 317. ನೀವು ಬರೀ ಸಾಕ್ಷಿಯಾಗಿದ್ದರೆ ಸಮನ್ಸ್ ಮೇಲಿರುವ ಕೇಸ್ ನಂಬರ್ ಹಾಕಿ ಸರ್ಕಾರಿ ಅಭಿಯೋಜಕರ ಮೂಲಕ ಕೇಳಿ, ನೇರವಾಗಿ ಕೋರ್ಟಿಗೂ ಒಂದು ಪತ್ರ ಕೊಡಿ. ಸಮನ್ಸ್ ತಂದ ಪೊಲೀಸರಿಗೆ ಬಾಯಲ್ಲಿ ಹೇಳಿ ಕಳಿಸಿದರೆ ಅದು ಅಲ್ಲಿಗೇ ಮುಗಿಯಿತು.

ಯಾರಿಗೆ ಕೊಡಬೇಕು

ಇದರಲ್ಲಿ ಗೊಂದಲ ಜಾಸ್ತಿ. ಬೇಡಿಕೆಯಲ್ಲಿ ಎರಡು ಬಗೆ. ನಿಮ್ಮ ಕೇಸು ನಡೆಯುವ ರೀತಿಗೆ ಸಂಬಂಧಿಸಿದ್ದು, ಅಂದರೆ ವಿಡಿಯೊ, ವಿರಾಮ, ದುಭಾಷಿ, ಮನೆಗೇ ಬಂದು ಸಾಕ್ಷ್ಯ ಬರೆದುಕೊಳ್ಳುವ ಕಮಿಷನರ್, ಹಾಜರಿ ವಿನಾಯಿತಿ, ಇವನ್ನು ಆ ಕೇಸಿನ ನ್ಯಾಯಾಧೀಶರೇ ಆದೇಶ ಮಾಡಬೇಕು. ಅರ್ಜಿಯ ನಕಲು ಎದುರಿನವರ ವಕೀಲರಿಗೆ ಕೊಡಬೇಕು, ಅವರು ತಕರಾರು ಹಾಕಬಹುದು, ಆಮೇಲೆ ಆದೇಶ. ಕಟ್ಟಡಕ್ಕೆ ಸಂಬಂಧಿಸಿದ್ದು, ಅಂದರೆ ರ‍್ಯಾಂಪ್, ಗಾಲಿಕುರ್ಚಿ, ಶೌಚಾಲಯ, ವಾಹನ ಒಳಗೆ ಬಿಡುವುದು, ಇದು ಆಡಳಿತದ ವಿಷಯ. ಅದಕ್ಕೆ ಜಿಲ್ಲೆಯ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಹೆಸರಿಗೆ ಪತ್ರ ಬರೆದು ಅವರ ಆಡಳಿತ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಾಲ್ಲೂಕು ಕೋರ್ಟಾದರೂ ಜಿಲ್ಲೆಗೇ ಬರೆಯಿರಿ, ನಕಲನ್ನು ತಾಲ್ಲೂಕಿಗೆ ಕೊಡಿ.

ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಇವರು ಅವರಿಗೆ ಹೇಳಿ ಅನ್ನುತ್ತಾರೆ, ಅವರು ಇವರಿಗೆ ಹೇಳಿ ಅನ್ನುತ್ತಾರೆ.

ವಾಯಿದೆಗೆ ಎರಡು ಮೂರು ವಾರ ಮುಂಚೆಯಾದರೂ ಕೊಡಿ. ದುಭಾಷಿ ಬೇಕಾದರೆ ಇನ್ನೂ ಮುಂಚೆ. ವಾಯಿದೆ ದಿನ ಬೆಳಗ್ಗೆ ಕೊಟ್ಟರೆ ಅನುಕೂಲ ಸಿಗಲ್ಲ, ಇನ್ನೊಂದು ವಾಯಿದೆ ಸಿಗುತ್ತದೆ. ಮುಂದಿನ ದಿನಾಂಕ ಯಾವಾಗ ಅಂತ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸಿಗೆ ಕೊಟ್ಟಿರುವ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಹಾಕಿ ನೋಡಬಹುದು.

ಕಿವಿ ಕೇಳದವರು, ಮಾತು ಬಾರದವರು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 125ನೇ ಕಲಂ ಪ್ರಕಾರ ಮಾತಾಡಲು ಆಗದ ಸಾಕ್ಷಿ ಬರೆದು ಹೇಳಬಹುದು, ಸನ್ನೆಯಲ್ಲಿ ಹೇಳಬಹುದು. ಅದು ಬಾಯಲ್ಲಿ ಹೇಳಿದ ಸಾಕ್ಷ್ಯಕ್ಕೆ ಸಮ. ಕೋರ್ಟು ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲೇಬೇಕು, ವಿಡಿಯೊ ಮಾಡಲೇಬೇಕು. ಇಲ್ಲಿ "ಮಾಡಬಹುದು" ಅಂತಿಲ್ಲ, "ಮಾಡಬೇಕು" ಅಂತಿದೆ. ಅರ್ಜಿಯಲ್ಲಿ ಈ ಕಲಂ ಹಾಕಿ.

ತೊಡಕು ಬರುವುದು ಬೇರೆ ಕಡೆ. ಕಿವುಡರ ಶಾಲೆಗೆ ಹೋದವರಿಗೆ ಭಾರತೀಯ ಸನ್ನೆ ಭಾಷೆ ಬರುತ್ತದೆ, ಅದಕ್ಕೆ ದುಭಾಷಿ ಸಿಗುತ್ತಾರೆ. ಆದರೆ ಶಾಲೆಯ ಮುಖವನ್ನೇ ನೋಡದ, ತೋಟದಲ್ಲಿ ದುಡಿದೇ ಬದುಕಿದ ಹಿರಿಯರಿಗೆ ಬರುವುದು ಮನೆಯ ಸನ್ನೆ ಮಾತ್ರ. ಅತ್ತೆಗೆ ಒಂದು ಗುರುತು, ಎಸ್ಟೇಟ್ ರೈಟರಿಗೆ ಒಂದು ಗುರುತು, ಸಂತೆ ದಿನಕ್ಕೆ ಒಂದು ಗುರುತು. ಬೆಂಗಳೂರಿನಿಂದ ಬಂದ ದುಭಾಷಿಗೆ ಇದು ಅರ್ಥವಾಗಲ್ಲ. ಅಂಥ ಕಡೆ ಇಬ್ಬರು ಬೇಕಾಗಬಹುದು: ಆ ಸನ್ನೆ ಬಲ್ಲ ಊರಿನವರೊಬ್ಬರು, ಜೊತೆಗೆ ತರಬೇತಿ ಪಡೆದ ದುಭಾಷಿ ಅಥವಾ ವಿಶೇಷ ಶಿಕ್ಷಕರು. ಇದನ್ನು ಅರ್ಜಿಯಲ್ಲೇ ಹೇಳಿ, ಸಾಕ್ಷ್ಯಕ್ಕೆ ಮುಂಚೆ ಅವರಿಬ್ಬರೂ ನಿಮ್ಮ ಜೊತೆ ಒಂದಷ್ಟು ಹೊತ್ತು ಕೂತು ಪರಸ್ಪರ ಅರ್ಥ ಮಾಡಿಕೊಳ್ಳಲು ಸಮಯ ಕೇಳಿ. ದುಭಾಷಿ ಹುಡುಕಲು ಹತ್ತಿರದ ಕಿವುಡ ಮಕ್ಕಳ ಶಾಲೆ, ಜಿಲ್ಲಾ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ ವಿಚಾರಿಸಿ.

ಕೇಸಿನಲ್ಲಿ ಲಾಭ ನಷ್ಟ ಇರುವ ಮನೆಯವರನ್ನು ಮಾತ್ರ ದುಭಾಷಿ ಮಾಡಬೇಡಿ. ಅಣ್ಣನ ಮೇಲೆ ಪಾಲಿನ ದಾವೆ, ಸನ್ನೆ ಹೇಳುವವನು ತಮ್ಮ ಅಂದರೆ ಪಾಟೀಸವಾಲಿನಲ್ಲಿ ಆ ಸಾಕ್ಷ್ಯ ಚಿಂದಿಯಾಗುತ್ತದೆ.

ಅಂದ ಹಾಗೆ, ಪಾಲಿನ ಕೇಸುಗಳಲ್ಲಿ ಇನ್ನೊಂದು ಆಟ ನಡೆಯುತ್ತದೆ. ಮಾತು ಬಾರದ ಅಕ್ಕನನ್ನೋ ತಮ್ಮನನ್ನೋ "ಬುದ್ಧಿ ಸ್ಥಿಮಿತದಲ್ಲಿಲ್ಲ" ಅಂತ ತೋರಿಸಿ, ಅವರ ಪರವಾಗಿ ತಾವೇ ನಿಂತು ರಾಜಿಗೆ ಸಹಿ ಹಾಕುವುದು. ಕಿವುಡುತನ, ಕುರುಡುತನ ಬುದ್ಧಿಯ ದೋಷವಲ್ಲ. ಬೇರೆಯವರು ಒಬ್ಬರ ಪರವಾಗಿ ನಿಲ್ಲಬೇಕಾದರೆ ತನ್ನ ಹಿತ ತಾನು ಕಾಯ್ದುಕೊಳ್ಳಲು ಅವರಿಗೆ ಆಗಲ್ಲ ಅಂತ ಕೋರ್ಟು ವಿಚಾರಣೆ ಮಾಡಿ ತೀರ್ಮಾನಿಸಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 15ನೇ ನಿಯಮ ಅದನ್ನೇ ಹೇಳುವುದು. ನಿಮ್ಮ ಹೆಸರಿನ ಮುಂದೆ ಯಾರಾದರೂ ಹೀಗೆ ಬರೆಸಿದ್ದರೆ ಮೊದಲ ವಾಯಿದೆಗೇ ಎದುರಿಸಿ.

ಸನ್ನೆ ಭಾಷೆ ಕೋರ್ಟಿಗೆ ಹೊಸದೇನಲ್ಲ ಈಗ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ದುಭಾಷಿಯ ಮೂಲಕ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಭಾಗವಹಿಸಿದರು. 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿನಲ್ಲೇ ಸನ್ನೆ ಭಾಷೆಯಲ್ಲಿ ವಾದ ಮಂಡಿಸಿದರು. "ಇದೆಲ್ಲಾ ನಮ್ಮಲ್ಲಿ ಇಲ್ಲ" ಅಂದವರಿಗೆ ಇದನ್ನು ನೆನಪಿಸಬಹುದು.

ಕಣ್ಣು ಕಾಣದವರು

ನಿಮಗೆ ಕೊಡುವ ಕಾಗದಗಳು ಮೊಬೈಲಿನ ಸ್ಕ್ರೀನ್ ರೀಡರ್ ಓದುವಂತೆ ಇರಬೇಕು. ಸ್ಕ್ಯಾನ್ ಮಾಡಿದ ಫೋಟೊ ಪಿಡಿಎಫ್ ಅದಕ್ಕೆ ಓದಲು ಬರಲ್ಲ, ಟೈಪ್ ಮಾಡಿದ ಫೈಲ್ ಬೇಕು. ಎದುರಿನವರ ವಕೀಲರು ಟೈಪ್ ಮಾಡಿಸಿದ ಮೂಲ ಫೈಲನ್ನೇ ಕೊಡಲು ಆದೇಶಿಸಿ ಅಂತ ಕೇಳಿ. ಸಾಕ್ಷ್ಯ ಹೇಳಿದ ಮೇಲೆ ಬರೆದುಕೊಂಡಿದ್ದನ್ನು ಪೂರ್ತಿ ಓದಿ ಹೇಳಿಸಿಕೊಳ್ಳಿ. ಓದದೆ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ, ಎಷ್ಟೇ ಹೊತ್ತಾಗಿರಲಿ. ಪಾಟೀಸವಾಲಿನಲ್ಲಿ ದಾಖಲೆ ತೋರಿಸಿ ಪ್ರಶ್ನೆ ಕೇಳಿದರೆ, ಮೊದಲು ಅದು ಏನು ಅಂತ ಓದಿ ಹೇಳಬೇಕು ಎಂದೂ ಅರ್ಜಿಯಲ್ಲಿ ಸೇರಿಸಿ.

"ಕಣ್ಣೇ ಕಾಣದವರು ಏನು ಸಾಕ್ಷಿ ಹೇಳುತ್ತಾರೆ" ಅನ್ನುವ ಮಾತಿಗೆ ಸುಪ್ರೀಂ ಕೋರ್ಟ್ 2021ರಲ್ಲಿ ಪಟನ್ ಜಮಾಲ್ ವಲಿ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಅಲ್ಲಿ ಸಂತ್ರಸ್ತೆ ಕಣ್ಣು ಕಾಣದ ಯುವತಿ, ಆಕೆ ಆರೋಪಿಯನ್ನು ಗುರುತಿಸಿದ್ದು ಧ್ವನಿಯಿಂದ. ವಿಕಲತೆ ಇದೆ ಅನ್ನುವ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ಕಡಿಮೆ ತೂಕದ್ದು ಅನ್ನುವಂತಿಲ್ಲ ಅಂತ ಕೋರ್ಟ್ ಹೇಳಿತು. ಇನ್ನು ದೃಷ್ಟಿಹೀನರು ನ್ಯಾಯಾಧೀಶರೇ ಆಗಬಹುದು ಅಂತ 2025ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ಹೇಳಿದೆ. ಜಡ್ಜ್ ಆಗಬಹುದಾದರೆ ಸಾಕ್ಷಿ ಆಗಬಾರದಾ?

ಬುದ್ಧಿ ಬೆಳವಣಿಗೆಯ ಅಥವಾ ಮಾನಸಿಕ ತೊಂದರೆ ಇದ್ದರೆ

ಸಣ್ಣ ಸಣ್ಣ ಪ್ರಶ್ನೆ, ಒಂದು ಸಲಕ್ಕೆ ಒಂದೇ ಪ್ರಶ್ನೆ, ಜೋರು ದನಿ ಇಲ್ಲ, ನಡುವೆ ವಿರಾಮ, ನಂಬುಗೆಯವರೊಬ್ಬರು ಪಕ್ಕದಲ್ಲಿ. ಇವನ್ನೆಲ್ಲಾ ಕೇಳಬಹುದು. ಆರೋಪಿಯನ್ನು ನೋಡಿದರೆ ಹೆದರುವವರಿಗೆ ಬೇರೆ ಕೋಣೆಯಿಂದ ಸಾಕ್ಷಿ ಹೇಳುವ ವ್ಯವಸ್ಥೆ ಇದೆ. ದುರ್ಬಲ ಸಾಕ್ಷಿಗಳ ಸಾಕ್ಷ್ಯ ಕೇಂದ್ರ ಪ್ರತಿ ಜಿಲ್ಲೆಯಲ್ಲೂ ಇರಬೇಕು ಅಂತ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಆದೇಶಿಸಿತು. ಅದು ಮಕ್ಕಳಿಗೆ ಮಾತ್ರ ಅಂದುಕೊಂಡವರೇ ಜಾಸ್ತಿ. ಮಾನಸಿಕ ಕಾಯಿಲೆ ಇರುವವರು, ಕಿವಿ ಕೇಳದ, ಮಾತು ಬಾರದ ಸಾಕ್ಷಿಗಳು, ಕೋರ್ಟಿಗೆ ಸರಿ ಅನ್ನಿಸಿದ ಬೇರೆ ವಿಕಲಚೇತನರು ಕೂಡ ಅದರೊಳಗೆ ಬರುತ್ತಾರೆ.

ಹಾಸಿಗೆ ಬಿಟ್ಟು ಏಳಲು ಆಗದಿದ್ದರೆ

ಕೋರ್ಟನ್ನೇ ಮನೆಗೆ ಕರೆಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 1ನೇ ನಿಯಮದಲ್ಲಿ ಕಾಯಿಲೆ, ನಿಶ್ಶಕ್ತಿಯಿಂದ ಬರಲಾಗದವರ ಸಾಕ್ಷ್ಯಕ್ಕೆ ಕಮಿಷನರನ್ನು, ಸಾಮಾನ್ಯವಾಗಿ ಒಬ್ಬ ವಕೀಲರನ್ನು, ನೇಮಿಸಬಹುದು. ಅವರು ಎರಡೂ ಕಡೆಯ ವಕೀಲರೊಂದಿಗೆ ನಿಮ್ಮ ಮನೆಗೆ ಬಂದು ಬರೆದುಕೊಳ್ಳುತ್ತಾರೆ. ನೋಂದಾಯಿತ ವೈದ್ಯರ ಸರ್ಟಿಫಿಕೇಟನ್ನು, ವೈದ್ಯರನ್ನು ಸಾಕ್ಷಿಯಾಗಿ ಕರೆಸದೆಯೇ, ಕೋರ್ಟು ಒಪ್ಪಿಕೊಳ್ಳಬಹುದು ಅಂತ ಆ ನಿಯಮದಲ್ಲೇ ಇದೆ. ಕಮಿಷನರ್ ಫೀಸು ಸಾಮಾನ್ಯವಾಗಿ ಕೇಳಿದವರೇ ಕಟ್ಟಬೇಕು, ಆಗದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಿ. ಸಿವಿಲ್ ಕೇಸಿನಲ್ಲಿ ಮುಖ್ಯ ವಿಚಾರಣೆ, ಅಂದರೆ ನೀವು ಮೊದಲು ಹೇಳುವ ನಿಮ್ಮ ಕಡೆಯ ಮಾತು, ಹೇಗೂ ಅಫಿಡವಿಟ್ ಮೂಲಕ ಆಗುತ್ತದೆ, ಹಾಗಾಗಿ ಮನೆಗೆ ಬರಬೇಕಾದ್ದು ಪಾಟೀಸವಾಲಿಗೆ ಮಾತ್ರ. ಕ್ರಿಮಿನಲ್ ಕೇಸಿನಲ್ಲೂ ಕಮಿಷನ್ ಉಂಟು, ನಾಗರಿಕ ಸುರಕ್ಷಾ ಸಂಹಿತೆಯ 319ನೇ ಕಲಂ.

ವಿಡಿಯೊ ಕಾನ್ಫರೆನ್ಸಿಗೂ ಹೈಕೋರ್ಟಿನ ನಿಯಮಗಳಿವೆ. ಮಲೆನಾಡಿನ ಮೂಲೆಯಲ್ಲಿರುವವರು ಮನೆಯಿಂದಲೇ ಅಂತ ಒಪ್ಪಿಕೊಳ್ಳುವ ಮುಂಚೆ ಮಳೆಗಾಲದ ನೆಟ್‌ವರ್ಕ್, ಕರೆಂಟು ಎರಡನ್ನೂ ಯೋಚಿಸಿ. ಹತ್ತಿರದ ತಾಲ್ಲೂಕು ಕೋರ್ಟಿನಿಂದ ಮಾಡಿಸಿ ಅಂತ ಕೇಳುವುದು ಎಷ್ಟೋ ವಾಸಿ.

ಕೇಸು ಇನ್ನೂ ಹಾಕಿಲ್ಲವಾ? ಅಪಘಾತ ಪರಿಹಾರದ ಅರ್ಜಿ, ಗ್ರಾಹಕರ ದೂರು ಎರಡನ್ನೂ ನೀವು ವಾಸವಿರುವ ಜಾಗಕ್ಕೆ ಸೇರಿದ ಕಡೆಯೇ ಹಾಕಬಹುದು. ಅಪಘಾತ ತುಮಕೂರಿನ ಹತ್ತಿರ ಆಗಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ.

ಪೊಲೀಸ್ ಹಂತ

ಸಾಕ್ಷಿ ಹೇಳಿಕೆ ಪಡೆಯಲು ವಿಕಲಚೇತನರನ್ನು ಠಾಣೆಗೆ ಬನ್ನಿ ಅಂತ ಒತ್ತಾಯಿಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು (ಸುರಕ್ಷಾ ಸಂಹಿತೆ, ಕಲಂ 179). ಲೈಂಗಿಕ ಅಪರಾಧಗಳಲ್ಲಿ ಸಂತ್ರಸ್ತರು ವಿಕಲಚೇತನರಾಗಿದ್ದರೆ ದೂರನ್ನೂ ಅವರ ಮನೆಯಲ್ಲಿ ಅಥವಾ ಅವರು ಹೇಳಿದ ಜಾಗದಲ್ಲಿ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಮುಂದೆ, ವಿಡಿಯೊ ಮಾಡಿ ಬರೆದುಕೊಳ್ಳಬೇಕು (ಕಲಂ 173).

ಆದೇಶ ಬಂದ ಮೇಲೆ, ಅಥವಾ ಬಾರದಿದ್ದರೆ

ಅರ್ಜಿ ಒಪ್ಪಿದರೆ ಆರ್ಡರ್ ಶೀಟಿನ ದೃಢೀಕೃತ ನಕಲು ತೆಗೆಸಿ. ವಾಯಿದೆಗೆ ಎರಡು ದಿನ ಮುಂಚೆ ವಕೀಲರ ಗುಮಾಸ್ತರ ಮೂಲಕ ಬೆಂಚ್ ಕ್ಲರ್ಕಿಗೆ ನೆನಪಿಸಿ: "ಸಾರ್, ಆವತ್ತು ಕೆಳಗಿನ ಹಾಲ್ ಅಂತ ಆರ್ಡರ್ ಆಗಿತ್ತಲ್ವಾ, ವ್ಯವಸ್ಥೆ ಆಗಿದೆಯಾ?" ಸುಮ್ನೆ ಹೋಗಿ ನಿಂತರೆ ಆ ಹಾಲಿಗೆ ಬೀಗ ಹಾಕಿರುತ್ತದೆ.

ಆ ದಿನ ಹೇಳಿದ ಅನುಕೂಲ ಇಲ್ಲದಿದ್ದರೆ ಜಗಳಕ್ಕೆ ಬೀಳಬೇಡಿ, ಹಾಗಂತ ಹಲ್ಲು ಕಚ್ಚಿಕೊಂಡು ಸಾಕ್ಷಿ ಹೇಳಲೂ ಹೋಗಬೇಡಿ. ನಿಮ್ಮ ವಕೀಲರಿಂದ ಅಲ್ಲೇ ಒಂದು ಮೆಮೊ ಹಾಕಿಸಿ: ಆದೇಶ ಹೀಗಿತ್ತು, ಇಂದು ವ್ಯವಸ್ಥೆ ಆಗಿಲ್ಲ, ನಾವು ಹಾಜರಿದ್ದೆವು. ಬಂದಿದ್ದೇ ದಾಖಲಾಗದೆ ಹೋದರೆ ತಪ್ಪು ನಿಮ್ಮ ತಲೆಗೆ ಬರುತ್ತದೆ.

ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದ ಆದೇಶ ಕೇಳಿ. ಕಾರಣ ಬರೀ ದಾಖಲೆ ಕೊರತೆಯಾಗಿದ್ದರೆ ಸರಿಯಾದ ವೈ‍ದ್ಯರ ಪತ್ರದೊಂದಿಗೆ ಮತ್ತೆ ಹಾಕಿ. ಅದಲ್ಲವಾದರೆ ಹೈಕೋರ್ಟಿಗೆ ಹೋಗಬಹುದು, ನಮ್ಮ ಎರಡೂ ಜಿಲ್ಲೆಗಳಿಗೆ ಅದು ಬೆಂಗಳೂರಿನ ಪೀಠ. ಕಟ್ಟಡದ ಕೊರತೆ, ಕಚೇರಿಗಳ ಉದಾಸೀನದ ಬಗ್ಗೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೂ ದೂರು ಕೊಡಬಹುದು. ಆದರೆ ನ್ಯಾಯಾಧೀಶರು ಕೇಸಿನಲ್ಲಿ ಮಾಡಿದ ಆದೇಶವನ್ನು ಆಯುಕ್ತರು ಬದಲಿಸಲು ಬರಲ್ಲ, ಆ ಆಸೆ ಇಟ್ಟುಕೊಂಡು ತಿಂಗಳುಗಟ್ಟಲೆ ಕಾಯಬೇಡಿ. ಮೇಲಿನ ಕೋರ್ಟಿಗೆ ಹೋಗಲು ಅಷ್ಟೊಂದು ಸಮಯ ಇರಲ್ಲ.

ಕೊನೆಯದಾಗಿ ವರ್ಗಾವಣೆ. ನ್ಯಾಯಾಧೀಶರು ಬದಲಾದರೆ, ಕೇಸು ಬೇರೆ ಹಾಲಿಗೆ ಹೋದರೆ ಆದೇಶ ಉಳಿದಿರುತ್ತದೆ, ಆದರೆ ಹೊಸ ಸಿಬ್ಬಂದಿಗೆ ಗೊತ್ತಿರಲ್ಲ. ಮೊದಲ ವಾಯಿದೆಗೇ ದೃಢೀಕೃತ ನಕಲಿನ ಜೆರಾಕ್ಸ್ ಲಗತ್ತಿಸಿ ಒಂದು ಮೆಮೊ ಕೊಟ್ಟುಬಿಡಿ. ಅಪೀಲಿಗೆ ಹೋದರೆ ಮಾತ್ರ ಅದು ಬೇರೆ ಕೋರ್ಟು, ಅಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಹಳೆಯ ಆದೇಶವನ್ನು ಅದಕ್ಕೆ ಲಗತ್ತಿಸಿದರೆ ಅರ್ಧ ಕೆಲಸ ಆದಂತೆ.